ಅರ್ಧ ಸೀಟು ಬಂತು, ಶೇ. 10 ಎಲ್ಲಿ ಹೋಯಿತು?

ಕೇರಳದ ಪಂಚಾಯತ್, ನಗರಸಭೆಗಳಲ್ಲಿ 2010ರ ಚುನಾವಣೆಯಿಂದ ಅರ್ಧ ಸೀಟು ಹೆಂಗಸರಿಗೆ ಮೀಸಲು. ಅಧ್ಯಕ್ಷ ಸ್ಥಾನಗಳಲ್ಲೂ ಅರ್ಧ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾವ ಸಭೆಗೆ ಹೋದರೂ ಮೇಜಿನ ಸುತ್ತ ಹೆಂಗಸರಿದ್ದಾರೆ. ಈಗ ನೋಡಬೇಕಾದದ್ದು ಆ ಮೇಜಿನ ಮೇಲಿರುವ ಫೈಲನ್ನು.

ಒಂಬತ್ತನೇ ಪಂಚವಾರ್ಷಿಕ ಯೋಜನೆಯ ಕಾಲದಿಂದಲೂ ಪಂಚಾಯತ್, ನಗರಸಭೆಗಳು ತಮ್ಮ ಯೋಜನಾ ನಿಧಿಯ ಕನಿಷ್ಠ ಶೇ. 10ನ್ನು ವನಿತಾ ಘಟಕಕ್ಕೆ, ಅಂದರೆ ಹೆಂಗಸರಿಗೆಂದೇ ಇರುವ ಯೋಜನೆಗಳಿಗೆ, ತೆಗೆದಿಡಲೇಬೇಕು. ನಿಧಿ 2 ಕೋಟಿ ಇದ್ದರೆ 20 ಲಕ್ಷ. ಕಾಗದದಲ್ಲಿ ಈ 20 ಲಕ್ಷ ಸರಿಯಾಗಿಯೇ ಇರುತ್ತದೆ. ಅದರಡಿ ಏನು ಬರೆದಿದ್ದಾರೆ ಎಂಬಲ್ಲಿ ಎಡವಟ್ಟು. ಅಂಗನವಾಡಿಯ ಆವರಣಗೋಡೆ, ಹೆಂಗಸರೂ ನಡೆಯುತ್ತಾರಲ್ಲ ಎಂದು ರಸ್ತೆಯ ಒಂದು ತುಂಡು, ಮಿಕ್ಕಿದ್ದಕ್ಕೆ ಕೋಳಿಮರಿ. ಇದಕ್ಕೆ ಕಾರಣ ದುರುದ್ದೇಶವೇ ಆಗಬೇಕೆಂದಿಲ್ಲ. ಹೆಂಗಸರ ಯೋಜನೆಗಳನ್ನು ನಡೆಸಬೇಕಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಸೂಪರ್‌ವೈಸರಿಗೆ ಅಂಗನವಾಡಿಗಳ ಕೆಲಸವೇ ಕುತ್ತಿಗೆವರೆಗೆ ಇದೆ. ಫೈಲು ಮಾರ್ಚ್‌ವರೆಗೆ ಕುಳಿತು, ಕೊನೆಗೆ ಬೇಗ ಕೊಂಡು ಹಂಚಬಹುದಾದದ್ದಕ್ಕೇ ಹಣ ಹೋಗುತ್ತದೆ.

ತಿದ್ದಲು ಜಾಗ ಎಲ್ಲಿದೆ? ಗ್ರಾಮಸಭೆ ಅಥವಾ ವಾರ್ಡ್ ಸಭೆ, ಆಮೇಲೆ ಯೋಜನೆಗಳ ಕರಡು ಬರೆಯುವ ಕಾರ್ಯಕಾರಿ ಗುಂಪು, ಅಭಿವೃದ್ಧಿ ಸೆಮಿನಾರ್, ಆಡಳಿತ ಸಮಿತಿ, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಮೊದಲ ಎರಡರಲ್ಲಿ ಬಾಯಿಬಿಡದಿದ್ದರೆ ಮುಂದೆ ಬರೇ ಕೈ ಎತ್ತುವ ಕೆಲಸ. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರ ಶೇ. 10. ಅದನ್ನು ತುಂಬಿಸುವವರೇ ಕುಟುಂಬಶ್ರೀಯ (ಸರಕಾರದ ಸ್ವಸಹಾಯ ಸಂಘಗಳ ಜಾಲ) ಹೆಂಗಸರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರುತ್ತಾರೆ, ನಿರ್ಣಯ ಆಮೇಲೆ ಬರೆಯಲ್ಪಡುತ್ತದೆ. ಸಭೆ ಹಗಲು ಹನ್ನೊಂದಕ್ಕೆ ಇಟ್ಟರೆ ಇನ್ನೇನಾದೀತು? ಉದ್ಯೋಗ ಖಾತರಿಗೆ ಹೋಗುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ. ಬೀಡಿ ಕಟ್ಟುವವರಿಗೂ ಆ ದಿನದ ಲೆಕ್ಕ ತಪ್ಪುತ್ತದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಇಡಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಒಬ್ಬರು ಇರಲಿ.

ಇನ್ನು ಭಾಷೆ. ಪೈವಳಿಕೆ, ಎಣ್ಮಕಜೆ, ವರ್ಕಾಡಿ ಕಡೆ ಮನೆಯಲ್ಲಿ ಕನ್ನಡ, ತುಳು ಮಾತಾಡುವ ಹೆಂಗಸಿಗೆ ಮಲಯಾಳದ ಯೋಜನಾ ಪಟ್ಟಿ ಕೊಟ್ಟರೆ ಆಕೆ ಏನನ್ನು ಪ್ರಶ್ನಿಸಬೇಕು? ಇಲ್ಲಿಯ ಕನ್ನಡಿಗರು ಕನ್ನಡದಲ್ಲೇ ಸರಕಾರದೊಡನೆ ವ್ಯವಹರಿಸಬಹುದೆಂದು 1969ರ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ. ಪಟ್ಟಿ, ಅರ್ಜಿ, ನಡಾವಳಿ ಮೂರೂ ಕನ್ನಡದಲ್ಲಿ ಬೇಕೆಂದು ಲಿಖಿತವಾಗಿ ಕೇಳಿ.

ಬಸ್‌ಸ್ಟ್ಯಾಂಡಿನ ಶೌಚಾಲಯವನ್ನೇ ತೆಗೆದುಕೊಳ್ಳಿ. ಎಸ್ಟಿಮೇಟಿನಲ್ಲಿ ಟೈಲ್ಸ್ ಇರುತ್ತದೆ, ಬಾಗಿಲ ಹಿಂದೆ ಬ್ಯಾಗ್ ತೂಗಹಾಕುವ ಕೊಕ್ಕೆ ಇರುವುದಿಲ್ಲ. ಒದ್ದೆ ನೆಲದಲ್ಲಿ ಬ್ಯಾಗನ್ನು ಇಡುವುದೆಲ್ಲಿ? ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ, ಬೇಸಗೆಯಲ್ಲೂ ನೀರು ಸಿಗುವಷ್ಟು ಟ್ಯಾಂಕ್, ಸಂಜೆಗೆ ಬಲ್ಬು, ತೊಳೆಯುವವರಿಗೆ ತಿಂಗಳ ಸಂಬಳ. ಕಟ್ಟಿದ ಮೇಲೆ ಸಂಬಳಕ್ಕೆ ಹಣವಿಡದ ಕಾರಣಕ್ಕೇ ಬೀಗ ಬೀಳುವುದು. ಇವನ್ನೆಲ್ಲ ಕಾರ್ಯಕಾರಿ ಗುಂಪಿನಲ್ಲೇ ಬರೆಯಿಸಬೇಕು. ಟೆಂಡರ್ ಆದ ಮೇಲೆ ಕೊಕ್ಕೆಗೂ ದಾರಿಯಿಲ್ಲ.

ಮೀಸಲು ವಾರ್ಡು ಐದು ವರ್ಷಕ್ಕೊಮ್ಮೆ ಬದಲಾಗುವುದೂ ಒಂದು ಪೆಟ್ಟು. ಕೆಲಸ ಕಲಿತ ಸದಸ್ಯೆಯ ವಾರ್ಡ್ ಜನರಲ್ ಆದ ಕೂಡಲೇ ಪಕ್ಷಗಳು ಗಂಡಸರನ್ನು ಹುಡುಕುತ್ತವೆ. ಜನರಲ್ ಎಂದರೆ ಗಂಡಸರಿಗೆ ಎಂದು ಯಾವ ಕಾಯಿದೆಯಲ್ಲೂ ಇಲ್ಲ.

ಮುಂದಿನ ಸಭೆಗೆ ಮೊದಲು ಕಳೆದ ವರ್ಷದ ವನಿತಾ ಘಟಕದ ಪಟ್ಟಿ ತೆಗೆಸಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅದನ್ನು ಅಯಲ್‌ಕೂಟದಲ್ಲಿ (ಕುಟುಂಬಶ್ರೀಯ ನೆರೆಹೊರೆ ಗುಂಪು) ಗಟ್ಟಿಯಾಗಿ ಓದಿಸಿ, ನಿಮ್ಮ ವಾರ್ಡಿಗೆ ಬಂದದ್ದರ ಎದುರು ಗುರುತು ಹಾಕಿ. ಸಭೆಯಲ್ಲಿ ನಿರ್ಣಯ ಓದಿ ಹೇಳಿದ ಮೇಲೆಯೇ ಸಹಿ.