ಬ್ರಹ್ಮಕಮಲ ನಮ್ಮ ಹಿತ್ತಲಿನದಲ್ಲ

ಉತ್ತರಾಖಂಡದ ಹಿಮಾಲಯದಲ್ಲಿರುವ ಹೂಗಳ ಕಣಿವೆ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ 'ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಕಣಿವೆಯ ತುಂಬಾ ಕಾಣುತ್ತದೆ' ಎಂಬ ಮಾತು ಸರಿಯಲ್ಲ. ನಮ್ಮ ಕುಂಡಗಳಲ್ಲಿರುವುದು ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯ ಕಳ್ಳಿ ಜಾತಿಯ ಗಿಡ. ಹಿಮಾಲಯದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ಉತ್ತರಾಖಂಡದ ರಾಜ್ಯಪುಷ್ಪ. ಅದು ಹಗಲಲ್ಲೇ ಕಾಣಸಿಗುತ್ತದೆ. ನಾವು ದಳ ಅಂದುಕೊಳ್ಳುವ ತೆಳು ಹಳದಿ-ಹಸಿರು ಹೊದಿಕೆ ನಿಜಕ್ಕೂ ಎಲೆ. ನೇರಳೆ ಬಣ್ಣದ ಪುಟ್ಟ ಹೂಗಳು ಅದರೊಳಗೆ ಚಳಿಯಿಂದ ಬೆಚ್ಚಗಿರುತ್ತವೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಆಗಸ್ಟ್‌ನಲ್ಲಿ ಹೋದಾಗ ಕಣಿವೆಯ ದಾರಿಯಲ್ಲಿ ನನಗೆ ಒಂದೂ ಸಿಗಲಿಲ್ಲ. ಮರುದಿನ ಕಣಿವೆಗೆ ಹತ್ತಿರದ ಹಳ್ಳಿ ಘಾಂಘರಿಯಾದಿಂದ, ಸಿಖ್ಖರ ಯಾತ್ರಾಸ್ಥಳವಾದ ಹೇಮಕುಂಡ ಸರೋವರಕ್ಕೆ ಹತ್ತಿದೆ. 4,000 ಮೀಟರ್ ದಾಟಿದ ಮೇಲೆ, ಮಂಜಿನ ನಡುವೆ ಬಂಡೆಗಳ ಸಂದಿಯಲ್ಲಿ ಸಾಲಾಗಿ ನಿಂತಿದ್ದವು. ಉಸಿರು ಕಟ್ಟುತ್ತಿದ್ದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಈ ತಪ್ಪನ್ನು ಸುಮ್ನೆ ಬಿಡಬಾರದು. ಮನೆಯ ಗಿಡದ ಎಲೆಯಂಥ ಚಪ್ಪಟೆ ಕಾಂಡ ನೆಟ್ಟರೆ ಸಾಕು, ಚಿಗುರುತ್ತದೆ. ಅದನ್ನು ನೋಡಿದವರು ಹಿಮಾಲಯದ್ದೂ ಹಾಗೇ ಚಿಗುರುತ್ತದೆ ಎಂದುಕೊಂಡು ಕಿತ್ತುಬಿಡುತ್ತಾರೆ. ಪೂಜೆಗೆಂದು, ಔಷಧಿಗೆಂದು ಈಗಾಗಲೇ ಜಾಸ್ತಿ ಕೀಳುತ್ತಿದ್ದಾರೆ. ಬೀಜ ಕಟ್ಟುವ ಮೊದಲೇ ಹೂ ಹೋದರೆ ಹೊಸ ಗಿಡ ಎಲ್ಲಿಂದ ಬರಬೇಕು? ಬರಹದಲ್ಲಿ ಆ ಸಾಲನ್ನು ದಯವಿಟ್ಟು ತಿದ್ದಿ. ಜೊತೆಗೆ ಹಾಕಿರುವ ಬಿಳಿ ಹೂವಿನ ಫೋಟೊ ಕೂಡ ಮನೆಯ ಕಳ್ಳಿಯದೇ.