ಏಕಾದಶಿ ಮೈಲೇಜು

ಕಾರಿಗೆ 887 ಕುದುರೆಗಳ ಶಕ್ತಿ. ಗಂಟೆಗೆ 345 ಕಿ.ಮೀ. ಓಡುತ್ತದೆ. ನಿಂತಲ್ಲಿಂದ ನೂರು ಮುಟ್ಟಲು ಮೂರು ಸೆಕೆಂಡೂ ಬೇಡ. ಸೀಟಿನ ಬೆನ್ನಿಗೇ 4.6 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಎಷ್ಟು ಕೊಡುತ್ತೆ? ಲೀಟರಿಗೆ 33 ಕಿ.ಮೀ.! 2013ರಲ್ಲಿ ಬಂದ ಪೋರ್ಷೆ 918 ಸ್ಪೈಡರ್‌ಗೆ ಯುರೋಪಿನ ಅಧಿಕೃತ ಪರೀಕ್ಷೆ ಕೊಟ್ಟ ಲೆಕ್ಕ ಇದು. ನೂರು ಕಿ.ಮೀ.ಗೆ ಮೂರು ಲೀಟರ್, ಚಿಲ್ಲರೆ ಬಿಟ್ಟು. ನಮ್ಮ ಬಡಪಾಯಿ ಆಲ್ಟೊ ಇದನ್ನು ಕೇಳಿಸಿಕೊಂಡರೆ ಬಾನೆಟ್ ಒಳಗೆ ಮುಖ ಹುದುಗಿಸಿ ಅತ್ತೀತು.

ಇದೇ ಕಾರು ಅಮೆರಿಕಕ್ಕೆ ಹೋಯಿತು. ಅಲ್ಲಿನ ಪರಿಸರ ಸಂಸ್ಥೆ ಪೆಟ್ರೋಲಿನಲ್ಲಿ ಓಡಿದ್ದನ್ನೇ ಬೇರೆಯಾಗಿ ಬರೆದು, ಗ್ಯಾಲನ್ನಿಗೆ 22 ಮೈಲಿ ಎಂದಿತು. ಅಂದರೆ ಲೀಟರಿಗೆ 9.4 ಕಿ.ಮೀ. ಬಿಎಂಡಬ್ಲ್ಯೂ ಐ8ನದೂ ಅದೇ ಕಥೆ: ಯುರೋಪಿನಲ್ಲಿ ಲೀಟರಿಗೆ 47, ಅಮೆರಿಕದಲ್ಲಿ ಪೆಟ್ರೋಲಿನ ಮೇಲೆ 12. ಹಡಗಿನಲ್ಲಿ ಹೋಗುವಾಗ ಟ್ಯಾಂಕಿಗೆ ಇಲಿ ತೂತು ಕೊರೆಯಿತೋ ಏನೋ ಅಂದುಕೊಳ್ಳಬೇಡಿ. ವ್ಯತ್ಯಾಸ ಇರುವುದು ಉಪವಾಸದ ವಿಧಾನದಲ್ಲಿ.

ನಮ್ಮ ಮನೆಗಳಲ್ಲಿ ಏಕಾದಶಿ ಹೇಗೆ ನಡೆಯುತ್ತದೆ? ಊಟ ಇಲ್ಲ, ಕಟ್ಟುನಿಟ್ಟು. ಫಲಾಹಾರ ಮಾತ್ರ. ಎರಡು ತಟ್ಟೆ ಅವಲಕ್ಕಿ, ಮೇಲೊಂದು ಲೋಟ ಬಾಳೆಹಣ್ಣಿನ ರಸಾಯನ, ಸಂಜೆಗೆ ಸಾಬೂದಾನಿ ವಡೆ. ಅನ್ನ ಮುಟ್ಟಿಲ್ಲ, ಹಾಗಾಗಿ ಉಪವಾಸ. ಮೇಲಿನ ಎರಡೂ ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರುಗಳು. ಇಂಥವಕ್ಕೆ ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತು ಇದೇ ಫಲಾಹಾರ. ಪೆಟ್ರೋಲಿನ ಲೆಕ್ಕದ ಪುಸ್ತಕದಲ್ಲಿ ಅದು ಸೊನ್ನೆ.

ಆಗಿನ ಯುರೋಪಿನ ಸೂತ್ರ ಹೀಗಿತ್ತು. ಮೊದಲು ಬ್ಯಾಟರಿ ತುಂಬಿಸಿ ಓಡಿಸಿ. ಐ8 ಬರೀ ವಿದ್ಯುತ್ತಿನಲ್ಲಿ 37 ಕಿ.ಮೀ. ಹೋಯಿತು, ಪೆಟ್ರೋಲ್ ಸೊನ್ನೆ. ಆಮೇಲೆ ಬ್ಯಾಟರಿ ಖಾಲಿ ಮಾಡಿ ಪೆಟ್ರೋಲಿನಲ್ಲಿ ಓಡಿಸಿ. ಇನ್ನು ಕೊನೆಯ ಮಂತ್ರ: ಈ ಕಾರು ಕೊಂಡವನು ಬ್ಯಾಟರಿ ಮುಗಿದ ಮೇಲೆ ಸರಿಯಾಗಿ 25 ಕಿ.ಮೀ. ಮಾತ್ರ ಓಡಿಸಿ ಮತ್ತೆ ಪ್ಲಗ್ ಹಾಕುತ್ತಾನೆ ಎಂದು ನಂಬಿ. ಒಟ್ಟು 62 ಕಿ.ಮೀ., ಅದರಲ್ಲಿ ಪೆಟ್ರೋಲಿನದು 25. ನೂರು ಕಿ.ಮೀ.ಗೆ 2.1 ಲೀಟರ್ ಎಂಬ ಉತ್ತರವನ್ನು ಹಿಂದಕ್ಕೆ ಬಿಚ್ಚಿದರೆ ಬ್ಯಾಟರಿ ಖಾಲಿಯಿದ್ದಾಗಿನ ಅಂಕಿ ಸುಮಾರು 5.2 ಲೀಟರ್ ಎಂದು ಸಿಗುತ್ತದೆ, ಅಂದರೆ ಲೀಟರಿಗೆ 19. ಅದೂ ಪ್ರಯೋಗಾಲಯದಲ್ಲಿ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಹೊರಟವನು 62 ಕಿ.ಮೀ.ಗೊಮ್ಮೆ ಇಳಿದು ಚಾರ್ಜ್ ಹಾಕುವುದಿಲ್ಲ ಎಂಬುದು ಸೂತ್ರ ಬರೆದವರಿಗೆ ಗೊತ್ತಿರಲಿಲ್ಲವೆಂದಲ್ಲ. ಸೂತ್ರಕ್ಕೆ ಮ್ಯೂನಿಕ್ ಗೊತ್ತಿರಲಿಲ್ಲ.

ಆ ಪ್ರಯೋಗಾಲಯದ ಓಟವೂ ನೋಡತಕ್ಕದ್ದು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸುತ್ತಾರೆ. 1180 ಸೆಕೆಂಡ್, 11 ಕಿ.ಮೀ., ಸರಾಸರಿ ವೇಗ 34ಕ್ಕೂ ಕಡಿಮೆ. ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡ್. ಮದುವೆ ಮೆರವಣಿಗೆಯ ಸಾರೋಟು ಇನ್ನೂ ಚುರುಕು. ಕೊನೆಯಲ್ಲಿ ಹತ್ತು ಸೆಕೆಂಡ್ 120 ಮುಟ್ಟಿ, ಮೈ ಕೊಡವಿಕೊಂಡು ನಿಲ್ಲುವುದು. ಎಸಿ ಬಂದ್, ಕೋಣೆಯ ಉಷ್ಣತೆ 20ರಿಂದ 30 ಡಿಗ್ರಿ. ಪೆಟ್ರೋಲನ್ನು ಅಳೆಯುವುದೂ ಇಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯ ಇಂಗಾಲವನ್ನು ಅಳೆದು, ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಎಂಬ ಲೆಕ್ಕದಲ್ಲಿ ಹಿಂದಕ್ಕೆ ಎಣಿಸುತ್ತಾರೆ. ಇದರ ಭಾರತೀಯ ತಮ್ಮ ಇನ್ನೂ ಸಾಧು. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಡುವ ಪ್ರಮಾಣಪತ್ರಕ್ಕೆ ಬಳಸಿದ ಓಟದಲ್ಲಿ ಗರಿಷ್ಠ ವೇಗವೇ 90. ಲ್ಯಾಂಬೊರ್ಗಿನಿಯಾದರೂ ಅಷ್ಟೇ, ವ್ಯಾಗನ್ ಆರ್ ಆದರೂ ಅಷ್ಟೇ. ಸಮಾನತೆ ಅಂದರೆ ಇದು.

ಯುರೋಪು 2017ರಿಂದ ಹೊಸ ಪರೀಕ್ಷೆ ತಂದಿತು. 23 ಕಿ.ಮೀ., ಅರ್ಧ ಗಂಟೆ, 131ರವರೆಗೆ ವೇಗ. ಎಸಿ ಈಗಲೂ ಬಂದ್. ಆಮೇಲೆ ಕಾರುಗಳ ಒಳಗೇ ನಿಜವಾದ ಬಳಕೆ ದಾಖಲಿಸುವ ಮೀಟರ್ ಕಡ್ಡಾಯ ಮಾಡಿ, ಆ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಹೊರಹಾಕಿತು. ಸಾದಾ ಪೆಟ್ರೋಲ್ ಕಾರು ಕಾಗದಕ್ಕಿಂತ ಸುಮಾರು 24 ಪ್ರತಿಶತ ಹೆಚ್ಚು ಕುಡಿಯುತ್ತಿತ್ತು. ಪ್ಲಗ್-ಇನ್ ಕಾರುಗಳು ಸರಾಸರಿ ಮೂರೂವರೆ ಪಟ್ಟು! ಸೂತ್ರವನ್ನು 2023ರಲ್ಲೇ ತಿದ್ದಿ ಇಟ್ಟಿದ್ದರು. 2025ರಿಂದ ಹೊಸ ಮಾದರಿಗಳಿಗೆ ವಿದ್ಯುತ್ ಪಾಲಿನ ರಿಯಾಯಿತಿ ಕಡಿಮೆ. ಹೀಗಾಗಿ ಒಂದು ನಟ್ಟೂ ಬದಲಾಗದ ಕಾರು ಕಾಗದದ ಮೇಲೆ ಏಕಾಏಕಿ ಹೊಟ್ಟೆಬಾಕ ಆಗಬಹುದು. ಪಾಪ, ಅದು ಮೊದಲಿನಷ್ಟೇ ತಿನ್ನುತ್ತಿದೆ.

ಅಮೆರಿಕದವರೇನು ಕಡಿಮೆಯಿಲ್ಲ. 1978ರ ಕಾನೂನಿನಲ್ಲಿ ಅವರು ಪೆಟ್ರೋಲ್ ನುಂಗುವ ಕಾರುಗಳ ಮೇಲೆ ತೆರಿಗೆ ಹಾಕಿದರು. ಗ್ಯಾಲನ್ನಿಗೆ 22.5 ಮೈಲಿಗಿಂತ ಕಡಿಮೆ ಕೊಟ್ಟರೆ ಸಾವಿರ ಡಾಲರ್, ಇನ್ನೂ ಕುಡಿದರೆ 7700 ಡಾಲರ್‌ವರೆಗೆ. ಆದರೆ ‘ಕಾರು’ ಎನ್ನುವ ಪದ ನೋಡಿ. ಎಸ್‌ಯುವಿ, ಪಿಕಪ್, ಮಿನಿವ್ಯಾನ್ ಇವು ಕಾರಲ್ಲ. ಹಮ್ಮರ್ ಎಚ್2 ತೆರಿಗೆ ಕಟ್ಟಲಿಲ್ಲ. ಅಷ್ಟೇ ಅಲ್ಲ, ಅದು ಎಷ್ಟು ಭಾರವೆಂದರೆ ಮೈಲೇಜಿನ ಚೀಟಿ ಅಂಟಿಸುವ ನಿಯಮದಿಂದಲೂ ತಪ್ಪಿಸಿಕೊಂಡಿತು. ಬೆಕ್ಕಿಗೆ ಹಾಲು ಕುಡಿದದ್ದಕ್ಕೆ ದಂಡ, ಎಮ್ಮೆ ಮೇಯ್ದದ್ದಕ್ಕೆ ಲೆಕ್ಕವೇ ಇಲ್ಲ.

ಈ ದಂಡ ತಪ್ಪಿಸಲು ಷೆವರ್ಲೆ ಕಾರ್ವೆಟ್ ಮಾಡಿದ ಉಪಾಯಕ್ಕೆ ಸನ್ಮಾನ ಮಾಡಬೇಕು. 1989ರ ಮ್ಯಾನುಯಲ್ ಗೇರಿನ ಕಾರಿನಿಂದ ಒಂದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ಅಲುಗುವ ಪುಟ್ಟ ತಡೆ, ಸೇರಿಸಿದರು. ಎಂಜಿನ್ ಬಿಸಿಯಾಗಿದ್ದು, ನೀವು ಆ್ಯಕ್ಸಿಲರೇಟರ್ ಮೆಲ್ಲಗೆ ಒತ್ತಿ, ವೇಗ ಸುಮಾರು 24ರಿಂದ 31 ಕಿ.ಮೀ. ಇದ್ದಾಗ ಗೇರ್ ಬದಲಿಸಿದರೆ ಎರಡನೇ ಗೇರ್ ಬೀಳುವುದೇ ಇಲ್ಲ. ಲಿವರ್ ತಾನಾಗಿ ನಾಲ್ಕನೆಯದಕ್ಕೆ ಹೊರಳುತ್ತದೆ. ಒಂದರಿಂದ ನಾಲ್ಕು! ಪರೀಕ್ಷೆಯ ಓಟದಲ್ಲಿ ಎಂಜಿನ್ ನಿಧಾನಕ್ಕೆ ತಿರುಗಿ ಅಂಕಿ ಚೆಂದವಾಯಿತು, ತೆರಿಗೆ ಉಳಿಯಿತು. ರಸ್ತೆಯಲ್ಲಿ? ಮೆಲ್ಲಗೆ ಒತ್ತಿದರೆ ತಾನೇ ಈ ಕಾಟ, ಜೋರಾಗಿ ಒತ್ತಿದರೆ ಎರಡನೆಯದು ಸಲೀಸಾಗಿ ಬೀಳುತ್ತದೆ. ಹೀಗೆ ಪೆಟ್ರೋಲ್ ಉಳಿಸುವ ಯಂತ್ರವೊಂದು ಪ್ರತಿ ಸಿಗ್ನಲ್ಲಿನಲ್ಲೂ ಚಾಲಕರಿಗೆ ಪೆಟ್ರೋಲ್ ಸುರಿಯಲು ಕಲಿಸಿತು. ತಾಳ್ಮೆಗೆಟ್ಟವರಿಗೆ ಅಂಗಡಿಯಲ್ಲಿ ಪರಿಹಾರವಿತ್ತು. ಕಾರಿನ ಅಡಿಗೆ ಹೋಗಿ, ಗೇರ್‌ಬಾಕ್ಸ್ ಬದಿಯ ಸೊಲೆನಾಯ್ಡಿನ ಕನೆಕ್ಟರ್ ಬಿಚ್ಚಿ, ವೈರಿನ ತುದಿಗೆ ರೆಸಿಸ್ಟರ್ ಇರುವ ಸುಳ್ಳು ಪ್ಲಗ್ ಸಿಕ್ಕಿಸುವುದು. ಬರೀ ಬಿಚ್ಚಿ ಬಿಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತುತ್ತದೆ. ರೆಸಿಸ್ಟರ್ ಇದ್ದರೆ ಕಂಪ್ಯೂಟರ್ ಸೊಲೆನಾಯ್ಡ್ ಇದೆಯೆಂದೇ ನಂಬುತ್ತದೆ.

ತಮಾಷೆಯೆಂದರೆ ಆ ಕಾರಿಗೆ ಈ ನಾಟಕದ ಅಗತ್ಯ ಹೆದ್ದಾರಿಯಲ್ಲಿ ಇರಲೇ ಇಲ್ಲ. 1997ರ ಕಾರ್ವೆಟ್‌ನ ಆರನೇ ಗೇರ್ ಎಷ್ಟು ಉದ್ದವೆಂದರೆ ನೂರರ ವೇಗದಲ್ಲಿ 5.7 ಲೀಟರಿನ ಎಂಜಿನ್ ನಿಮಿಷಕ್ಕೆ 1350 ಸುತ್ತಿನ ಆಸುಪಾಸಿನಲ್ಲಿ ನಿದ್ದೆಗಣ್ಣಲ್ಲಿ ತಿರುಗುತ್ತಿತ್ತು. ಹೆದ್ದಾರಿಯ ಅಧಿಕೃತ ಅಂಕಿ ಲೀಟರಿಗೆ ಸುಮಾರು 12. ಇದರ ಹಿಂದೆ ಪವಾಡವಿಲ್ಲ. ಒಂದೂವರೆ ಟನ್ನಿನ, ಗಾಳಿ ಸೀಳುವ ಮೈಕಟ್ಟಿನ ಕಾರು ಸಮತಟ್ಟು ರಸ್ತೆಯಲ್ಲಿ ನೂರರಲ್ಲಿ ಹೋಗಲು ಬೇಕಾದದ್ದು 17 ಕುದುರೆ, ಹೆಚ್ಚೆಂದರೆ 20. ಉಳಿದ ಮುನ್ನೂರು ನಾನ್ನೂರು ಕುದುರೆಗಳು ಲಾಯದಲ್ಲಿ ಹುಲ್ಲು ತಿನ್ನುತ್ತ ನಿಂತಿರುತ್ತವೆ. ದೊಡ್ಡ ಎಂಜಿನ್ನಿನ ಗಾಳಿದ್ವಾರವನ್ನು ಮುಕ್ಕಾಲು ಮುಚ್ಚಿಕೊಂಡು, ಆ ಸಂದಿಯಿಂದ ಉಸಿರೆಳೆಯುವುದಕ್ಕೇ ಪೆಟ್ರೋಲ್ ಖರ್ಚು. ಸುತ್ತು ಕಡಿಮೆಯಾದಷ್ಟೂ ಈ ವ್ಯರ್ಥ ಕಡಿಮೆ. ಉದ್ದ ಗೇರಿನ ಗುಟ್ಟು ಇಷ್ಟೇ.

ವೇಗ ಏರಿಸಿದರೆ ಕಥೆ ಬೇರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ನೂರರಿಂದ ಇನ್ನೂರಕ್ಕೆ ಹೋದರೆ ನಾಲ್ಕು ಪಟ್ಟು, ಮುನ್ನೂರಕ್ಕೆ ಒಂಬತ್ತು ಪಟ್ಟು. ಬುಗಾಟಿ ವೇರಾನ್ ತನ್ನ ಪರಮ ವೇಗದಲ್ಲಿ ನೂರು ಲೀಟರ್ ಟ್ಯಾಂಕನ್ನು ಸುಮಾರು 12 ನಿಮಿಷದಲ್ಲಿ ಬರಿದು ಮಾಡುತ್ತಿತ್ತು. ಗಂಟೆಗೆ 400ರಲ್ಲಿ 12 ನಿಮಿಷವೆಂದರೆ 80 ಕಿ.ಮೀ., ಲೀಟರಿಗೆ 800 ಮೀಟರ್. ಎದುರು ಮನೆಗೆ ಹೋಗಿ ಸಕ್ಕರೆ ತರಬಹುದು.

ಕಾಗದದ ಲೆಕ್ಕ ಚೆಂದ ಮಾಡಲು ಇನ್ನೊಂದು ದಾರಿ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಕಂಪನಿ ಆಸ್ಟನ್ ಮಾರ್ಟಿನ್ ಹಿಡಿದದ್ದು. ಯುರೋಪು ಇಡೀ ಕಂಪನಿಯ ಸರಾಸರಿ ಹೊಗೆ ನೋಡುತ್ತದೆಂದಾಗ, ಅವರು 2011ರಲ್ಲಿ ಟೊಯೊಟಾದ ಪುಟ್ಟ ಐಕ್ಯೂ ಕಾರು ತಂದು, ಮುಂದೆ ತಮ್ಮ ಗ್ರಿಲ್, ಒಳಗೆ ಚರ್ಮ ಹೊದಿಸಿ ‘ಸಿಗ್ನೆಟ್’ ಎಂದು ಮಾರಿದರು. 1.3 ಲೀಟರ್ ಎಂಜಿನ್. ವಿ12 ಗಜರಾಜನ ಪಾಪಕ್ಕೆ ಇಲಿಮರಿಯಿಂದ ಪ್ರಾಯಶ್ಚಿತ್ತ. 2013ರಲ್ಲಿ ವ್ರತ ಮುಗಿಯಿತು.

ಈಗ ಇಂಥ ಗಾಡಿಯೊಂದು ಬೆಂಗಳೂರಿಗೆ ಬಂದು ಸಿಲ್ಕ್ ಬೋರ್ಡಿನಲ್ಲಿ ನಿಂತಿದೆ ಎನ್ನಿ. ಪಕ್ಕದ ಆಟೋದವರು ಕತ್ತು ಹೊರಹಾಕಿ ಕೇಳುವ ಪ್ರಶ್ನೆ ಒಂದೇ: ‘ಸಾರ್, ಎಷ್ಟ್ ಕೊಡುತ್ತೆ?’ ಲೆಕ್ಕ ಹಾಕೋಣ. ನಾಲ್ಕು ಲೀಟರಿನ ವಿ8 ನಿಂತಲ್ಲೇ ಗಂಟೆಗೆ ಸುಮಾರು ಎರಡು ಲೀಟರ್ ಸುಡುತ್ತದೆ. 12 ಕಿ.ಮೀ. ದಾರಿಯಲ್ಲಿ ಅರ್ಧ ಗಂಟೆ ನಿಂತರೆ ಒಂದು ಲೀಟರ್ ಅಲ್ಲೇ ಹೋಯಿತು. 1600 ಕಿಲೋ ತೂಕವನ್ನು ಪ್ರತಿ ಸಲ ಸೊನ್ನೆಯಿಂದ 40ಕ್ಕೆ ಎಳೆಯಲು ಸುಮಾರು 15 ಮಿಲಿ, ಮೂರು ಟೀ ಚಮಚ. ಮುಂದಿನ ಹಂಪ್ ಬಂದಾಗ ಆ ಮೂರೂ ಚಮಚ ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಗೆ. ಅರವತ್ತು ಸಲ ನಿಂತು ಹೊರಟರೆ 900 ಮಿಲಿ. ಟೈರು ಉರುಳಿಸಲು ಇನ್ನರ್ಧ ಲೀಟರ್. ಕೂಡಿಸಿದರೆ ಲೀಟರಿಗೆ ಐದು. ಎಸಿ, ಬೆಳಗಿನ ತಣ್ಣಗಿನ ಎಂಜಿನ್ ಸೇರಿದರೆ ನಾಲ್ಕು. ತಣ್ಣಗಿದ್ದಾಗ ಕಂಪ್ಯೂಟರ್ ಪೆಟ್ರೋಲನ್ನು ದಟ್ಟವಾಗಿ ಸುರಿಸುತ್ತದೆ, ಐಡಲ್ ಏರಿಸುತ್ತದೆ. ಕೂಲಂಟ್ ಐದಾರು ನಿಮಿಷದಲ್ಲಿ ಬಿಸಿಯಾದರೂ ಎಂಟು ಹತ್ತು ಲೀಟರ್ ಆಯಿಲ್ ಬಿಸಿಯಾಗಲು ಕಾಲು ಗಂಟೆ ಮೀರುತ್ತದೆ. ಮೂರು ಕಿ.ಮೀ. ದೂರದ ಜಿಮ್‌ಗೆ ಹೋಗಿ ಬರುವ ಕಾರು ಒಮ್ಮೆಯೂ ಬೆಚ್ಚಗಾಗದೆ ಮನೆ ಸೇರುತ್ತದೆ.

ನಿಂತಾಗ ಎಂಜಿನ್ ಆರಿಸುವ ಸ್ಟಾರ್ಟ್-ಸ್ಟಾಪ್ ಇದೆಯಲ್ಲ? ಇದೆ. ಪರೀಕ್ಷೆಯ ಅಂಕಿಗೆ ಅದು ಬೇಕು, ಅದಕ್ಕೇ ಪ್ರತಿ ಸಲ ಕೀ ತಿರುಗಿಸಿದಾಗಲೂ ತಾನೇ ಆನ್ ಆಗಿರುತ್ತದೆ. ಮಾಲೀಕರು ಮಾಡುವ ಮೊದಲ ಕೆಲಸ ಆ ಬಟನ್ ಒತ್ತಿ ಆಫ್ ಮಾಡುವುದು. ಸಿಗ್ನಲ್ಲಿನಲ್ಲಿ ವಿ8 ಸುಮ್ಮನಾದರೆ ಜನ ತಿರುಗಿ ನೋಡುವುದು ಹೇಗೆ?

ಆಮೇಲೆ ಮೈಲೇಜು ಬರುತ್ತಿಲ್ಲವೆಂದು ಗ್ಯಾರೇಜಿಗೆ ಹೋಗುತ್ತಾರೆ. ಹೊಸ ಏರ್ ಫಿಲ್ಟರ್ ಹಾಕಿಸಿಕೊಳ್ಳುತ್ತಾರೆ. ಇದು ಕಾರ್ಬ್ಯುರೇಟರ್ ಕಾಲದ ಪಂಚಾಂಗ. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಒಳಹೋದ ಗಾಳಿ ಅಳೆದೇ ಪೆಟ್ರೋಲ್ ಬಿಡುವುದರಿಂದ ಕೊಳೆ ಫಿಲ್ಟರಿನಿಂದ ಎಳೆತ ತಗ್ಗುತ್ತದೆ, ಮೈಲೇಜು ಹೆಚ್ಚೇನೂ ಅಲ್ಲಾಡುವುದಿಲ್ಲ. ಟೈರಿನಲ್ಲಿ ಐದು ಪಿಎಸ್‌ಐ ಕಡಿಮೆಯಿದ್ದರೆ ಹೋಗುವುದು ಒಂದು ಪ್ರತಿಶತ. ಇಪ್ಪತ್ತು ಪ್ರತಿಶತ ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಬೈಯುವುದಾದರೆ ಅಳತೆಯಲ್ಲಿ ಬೈಯಿರಿ. ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಶುದ್ಧ ಪೆಟ್ರೋಲಿಗಿಂತ ಇ20ಯಲ್ಲಿ ಸುಮಾರು ಏಳು ಪ್ರತಿಶತ ಖೋತಾ. ಹತ್ತು ಕೊಡುತ್ತಿದ್ದದ್ದು ನಾಲ್ಕಕ್ಕೆ ಇಳಿದರೆ ಅದು ಕಬ್ಬಿನ ತಪ್ಪಲ್ಲ. ಬಲಗಾಲಿನ ಆವೇಶವೊಂದೇ ನಿಂತು ಹೊರಡುವ ದಟ್ಟಣೆಯಲ್ಲಿ 10ರಿಂದ 40 ಪ್ರತಿಶತ ನುಂಗುತ್ತದೆ. ಮೆಕ್ಯಾನಿಕ್ ನಿಜಕ್ಕೂ ನೋಡಬೇಕಾದದ್ದು ತೆರೆದೇ ಸಿಕ್ಕಿಕೊಂಡ ಥರ್ಮೋಸ್ಟಾಟ್, ಮಂಕಾದ ಆಕ್ಸಿಜನ್ ಸೆನ್ಸರ್, ವೀಲ್ ಅಲೈನ್‌ಮೆಂಟ್. ಇವಕ್ಕಿಂತ ಮುಖ್ಯವಾಗಿ, ವಾರಗಟ್ಟಲೆ ಕವರ್ ಹೊದ್ದು ನಿಂತ ಕಾರಿನಲ್ಲಿ ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರ್. ಅದು ತುಕ್ಕಿಗೆ ಕಚ್ಚಿಕೊಂಡಿದ್ದರೆ ಅರ್ಧ ಗಂಟೆ ಓಡಿಸಿ ಬಂದಾಗ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿರುತ್ತದೆ.

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯೂ ಸ್ವಲ್ಪ ಮುಖಸ್ತುತಿ ಮಾಡುವುದೇ ಹೆಚ್ಚು. ನಗರದಲ್ಲಿ 5, ಹೊರಗೆ ಅಷ್ಟೇ ದೂರಕ್ಕೆ 12 ಬಂತು, ಸರಾಸರಿ ಎಂಟೂವರೆ ಎಂದು ಹೇಳುವವರೂ ಇದ್ದಾರೆ. ಅಲ್ಲ, ಏಳು. ನೂರು ಕಿ.ಮೀ. ನಗರಕ್ಕೆ 20 ಲೀಟರ್, ನೂರು ಕಿ.ಮೀ. ಹೆದ್ದಾರಿಗೆ 8.3 ಲೀಟರ್. ಇನ್ನೂರನ್ನು 28.3ರಿಂದ ಭಾಗಿಸಿ ನೋಡಿ. ನಿಜ ಬೇಕಾದವರು ಒಂದೇ ಬಂಕು, ಒಂದೇ ಪಂಪು ಹಿಡಿಯಬೇಕು. ಮೊದಲ ಆಟೊ ಕಟ್‌ಗೆ ನಿಲ್ಲಿಸಬೇಕು, ‘ರೌಂಡ್ ಫಿಗರ್ ಮಾಡ್ಲಾ ಸಾರ್’ ಅಂದರೆ ಬೇಡ ಅನ್ನಬೇಕು. ಮೂರು ಟ್ಯಾಂಕ್ ಮುಗಿಯುವವರೆಗೆ ಪ್ರತಿ ಬಿಲ್ಲನ್ನೂ ಇಟ್ಟುಕೊಂಡು, ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಟೈರು ಸವೆದಿದ್ದರೆ ಓಡೊಮೀಟರ್ ಒಂದೂವರೆ ಪ್ರತಿಶತದಷ್ಟು ಹೆಚ್ಚು ಎಣಿಸಬಹುದು, ಅದನ್ನು ಜಿಪಿಎಸ್ ಜತೆ ತಾಳೆ ನೋಡಬೇಕು. ಬಂದ ಅಂಕಿಯನ್ನು ಆಟೋದವರಿಗೆ ಹೇಳಿದರೆ ಅವರು ನಂಬುವುದಿಲ್ಲ, ಬ್ರೋಷರ್ ನೋಡಿದವರು ಅದಕ್ಕೂ ಮೊದಲೇ ನಂಬುವುದಿಲ್ಲ.