ಓಟ್ಸ್ ಹಾಲಿನ ಮೇಲೆ ಬೆಣ್ಣೆ ಊರಿನ ತನಿಖೆ

ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರಿಗೆ ಈಗ ಹೊಸ ಭಯ ಹತ್ತಿದೆ. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ಓಟ್ಸ್ ಹಾಲು, ಬಾದಾಮಿ ಹಾಲು, ಸೋಯಾ ಹಾಲು ಕುಡಿದರೆ ಏನಾದರೂ ಆಗುತ್ತಾ? ವಾಟ್ಸಪ್‌ನಲ್ಲಿ ಬಂದಿದೆ. ಅಂದಮೇಲೆ ಆಗಲೇಬೇಕು.

ವಾಕಿಂಗ್ ಮುಗಿದ ಮೇಲೆ ತನಿಖೆ ಬೆಣ್ಣೆ ದೋಸೆ ಹೋಟೆಲಿಗೆ ವರ್ಗವಾಗುತ್ತದೆ. ಹಿರಿಯರೊಬ್ಬರ ತಟ್ಟೆಗೆ ದೋಸೆ ಬಂತು. ಮೇಲಿದ್ದ ಬೆಣ್ಣೆ ಮುದ್ದೆ ಇನ್ನೂ ಅರ್ಧವೂ ಕರಗಿರಲಿಲ್ಲ. "ಇನ್ನೊಂಚೂರು ಹಾಕ್ರಿ" ಅಂದರು. ಹಾಕಿದ. ಪಲ್ಯದ ಸುತ್ತ ಕರಗಿ ನಿಂತಿದ್ದನ್ನು ದೋಸೆ ತುದಿಯಿಂದ ಒರೆಸಿ ತಿಂದರು. ಆಮೇಲೆ ಕಾಫಿ ಬಂತು ನೋಡಿ, ಗಾಬರಿಯಾದರು. "ಏ, ಹಾಲು ಬ್ಯಾಡಪಾ, ನಂಗೆ ಕೊಲೆಸ್ಟ್ರಾಲ್ ಐತಿ!" ಚೀಲದಿಂದ ಓಟ್ಸ್ ಹಾಲಿನ ಡಬ್ಬಿ ಹೊರಬಂತು.

ಪಾಪ, ಆ ಹಾಲು ಏನು ಮಾಡಿದೆ? ಕೊಲೆಸ್ಟ್ರಾಲಿಗೆ ಕೊಡುವ ಸ್ಟಾಟಿನ್ ಜಾತಿಯ ಮಾತ್ರೆ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುತ್ತದೆ. ಅದರ ಕೆಲಸಕ್ಕೆ ಕಾಫಿಗೆ ಹಾಕುವಷ್ಟು ಓಟ್ಸ್ ಹಾಲು ಅಡ್ಡ ಬರುವುದಿಲ್ಲ. ಓಟ್ಸ್ ತೌಡು ಜಾಸ್ತಿ ತಿಂದ ಕೆಲವರಲ್ಲಿ ಲೋವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆಯ ಪರಿಣಾಮ ಕುಗ್ಗಿತು ಎಂಬ ವರದಿ 1991ರಲ್ಲಿ ಬಂದಿತ್ತು, ನಿಜ. ಆದರೆ ಅದು ತೌಡಿನ ಮಾತು. ಹಾಗಂತ ಈ ಹಾಲಿನಿಂದ ಪವಾಡವನ್ನೂ ಕಾಯಬೇಡಿ. ಓಟ್ಸಿನ ಬೀಟಾ ಗ್ಲೂಕಾನ್ ಎಂಬ ನಾರು ಕೊಲೆಸ್ಟ್ರಾಲ್ ಇಳಿಸಬೇಕಾದರೆ ದಿನಕ್ಕೆ ಸುಮಾರು 3 ಗ್ರಾಂ ಹೊಟ್ಟೆಗೆ ಹೋಗಬೇಕು. ಒಂದು ಲೋಟ ಓಟ್ಸ್ ಹಾಲಿನಲ್ಲಿ 1 ಗ್ರಾಂ ಸಿಕ್ಕರೆ ಪುಣ್ಯ. ಇನ್ನು ಬೆಣ್ಣೆ? 100 ಗ್ರಾಂನಲ್ಲಿ ಹತ್ತಿರ ಹತ್ತಿರ 50 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಜಾತಿಯದು. ಅದರ ವಿಚಾರಣೆಗೆ ಯಾವ ವಾಕಿಂಗ್ ಗುಂಪೂ ಸಭೆ ಕರೆದಿಲ್ಲ. ಊರಿನ ಮರ್ಯಾದೆ ಪ್ರಶ್ನೆ, ಅಲ್ವಾ?

ಮಾತ್ರೆಗೆ ನಿಜವಾಗಿ ಆಗದವರು ಬೇರೆ ಇದ್ದಾರೆ. ನಮ್ಮ ಚಕ್ಕೋತದ ನೆಂಟ ಗ್ರೇಪ್‌ಫ್ರೂಟ್ ಒಬ್ಬ. ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಜೊತೆ ಅದು ಸೇರಿದರೆ ರಕ್ತದಲ್ಲಿ ಔಷಧಿ ಮಟ್ಟ ಏರುತ್ತದೆ. ಆದರೆ ಮಂಡಿಪೇಟೆಯಲ್ಲಿ ಗ್ರೇಪ್‌ಫ್ರೂಟ್ ಹುಡುಕಿಕೊಂಡು ಹೋಗುವವರು ಯಾರು? ನಮ್ಮೂರಿನ ಆರೋಪಿ ಸಂಜೆ ಬರುತ್ತಾನೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ, ಬಜ್ಜಿಯಿಂದ ಎದೆಯುರಿ, ಎದೆಯುರಿಗೆ ಎರಡು ಮುಚ್ಚಳ ಆಸಿಡಿಟಿ ಸಿರಪ್, ಅದರ ಬೆನ್ನಿಗೇ ರಾತ್ರಿಯ ಮಾತ್ರೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಸಿರಪ್ಪಿನ ಜೊತೆಗೇ ರೋಸುವಾಸ್ಟಾಟಿನ್ ನುಂಗಿದರೆ ರಕ್ತ ಸೇರುವ ಔಷಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಾತ್ರೆ ತಗೊಂಡು 2 ಗಂಟೆ ಬಿಟ್ಟು ಸಿರಪ್ ಕುಡಿಯಿರಿ ಎಂದು ಔಷಧಿ ಜೊತೆ ಬರುವ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಆ ಚೀಟಿ ಮೊದಲ ದಿನವೇ ಕಸದ ಬುಟ್ಟಿ ಸೇರಿರುತ್ತದೆ. ಫಾರ್ವರ್ಡ್ ಮಾಡಲು ಬರುವುದಿಲ್ಲವಲ್ಲ!

ಕೊನೆಗೆ ಗುಂಪಿನವರೆಲ್ಲ ಸೇರಿ ಆ ಹಿರಿಯರನ್ನು ಡಾಕ್ಟರ್ ಹತ್ತಿರ ಕರೆದೊಯ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೇಳಿದರು, "ಸರ್, ಇದು ಮಾತ್ರೆಗೆ ಹೊಂದುತ್ತೇನ್ರಿ?"

"ಏನೂ ತೊಂದರೆ ಇಲ್ಲ. ಮಾತ್ರೆ ದಿನಾ ತಗೊಳ್ತಿದ್ದೀರಿ ತಾನೆ?"

"ಎಲ್ಲಿ ಸರ್? ಓಟ್ಸ್ ಹಾಲು ಶುರು ಮಾಡಿದಾಗ್ಲೇ ಬಿಟ್ಟೀನಿ. ಎರಡೂ ಸೇರಿ ಏನಾದ್ರೂ ಆದ್ರೆ?"